ಕಂಬಳಿಯ ಮೇಲಿನ ಆರೋಪಪಟ್ಟಿ

ಚಿತ್ರದುರ್ಗ ಸೀಮೆಯಲ್ಲಿ ಸಭೆ ಯಾವ ಪಕ್ಷದ್ದೇ ಇರಲಿ, ವೇದಿಕೆ ಹತ್ತಿದ ನಾಯಕರ ಹೆಗಲಿಗೆ ಒಂದು ಕರಿಕಂಬಳಿ ಬೀಳಲೇಬೇಕು. ಯಾರಾದರೂ ಕೈಗೊಂದು ಕುರಿಮರಿ ಕೊಟ್ಟರಂತೂ ಫೋಟೊ ಪೂರ್ತಿಯಾಯಿತು. ಐದು ನಿಮಿಷ ಕಳೆಯುವಷ್ಟರಲ್ಲಿ ಕಂಬಳಿ ಗನ್‌ಮ್ಯಾನ್ ಕೈ ಸೇರಿ, ಅಲ್ಲಿಂದ ಕಾರಿನ ಡಿಕ್ಕಿ ಸೇರಿರುತ್ತದೆ. 2021ರ ಅಕ್ಟೋಬರ್‌ನಲ್ಲಿ ಹಾನಗಲ್ ಮತ್ತು ಸಿಂದಗಿ ಉಪಚುನಾವಣೆಯ ಪ್ರಚಾರ ಬಿಸಿಯೇರಿದಾಗ, ಕಂಬಳಿ ಹೊದೆಯುವ ಯೋಗ್ಯತೆ ಯಾರಿಗಿದೆ ಎಂಬುದರ ಮೇಲೆಯೇ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮತ್ತು ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಅವರ ನಡುವೆ ಮಾತಿಗೆ ಮಾತು ಬೆಳೆದಿತ್ತು. ಹೊದೆಯುವವರ ಜಾತಿ, ಯೋಗ್ಯತೆ ಎಲ್ಲ ಚರ್ಚೆಯಾಯಿತು. ನೇಯುವವರಿಗೆ ಉಣ್ಣೆ ಎಲ್ಲಿಂದ ಬರುತ್ತಿದೆ, ನೇಯ್ದದ್ದನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆ ಮಾತ್ರ ಯಾವ ಭಾಷಣಕ್ಕೂ ವಸ್ತುವಾಗಲಿಲ್ಲ.

ಕಂಬಳಿಯ ಬಗ್ಗೆ ಈಗ ಚಾಲ್ತಿಯಲ್ಲಿರುವ ಅಭಿಪ್ರಾಯ ಹುಟ್ಟಿದ್ದೂ ಇಂಥ ವೇದಿಕೆಗಳ ಮೇಲೆಯೇ. ಅದರ ಪ್ರಕಾರ ಕಂಬಳಿ ಸನ್ಮಾನಕ್ಕೆ ಸರಿ, ದೇವರ ಗದ್ದುಗೆಗೆ ಸರಿ. ಹೊದೆಯಲು, ಹಾಸಲು ಅದರ ಕಾಲ ಮುಗಿಯಿತು. ಚುಚ್ಚುತ್ತದೆ, ಭಾರ, ಒಗೆದರೆ ಒಣಗುವುದಿಲ್ಲ, ಒಂದು ಕಂಬಳಿಯ ದುಡ್ಡಿಗೆ ಮನೆಮಂದಿಗೆಲ್ಲ ರಗ್ಗು ಬರುತ್ತದೆ. ಜನ ತಾವಾಗಿಯೇ ಬಿಟ್ಟರು, ಮಾರುಕಟ್ಟೆ ತೀರ್ಪು ಕೊಟ್ಟಿತು, ಇನ್ನು ಅಳುವುದೇಕೆ? ಉಳಿಸಲೇಬೇಕೆಂದಿದ್ದರೆ ಉಣ್ಣೆಯನ್ನು ಮೆತ್ತಗೆ ಮಾಡಿ, ಬಣ್ಣ ಹಾಕಿ, ಬೆಂಗಳೂರಿನ ಮನೆಗಳ ಗೋಡೆಗೋ ಸೋಫಾದ ಮುಂದಿನ ನೆಲಕ್ಕೋ ಒಗ್ಗುವಂತೆ ಮಾಡಬೇಕು. ಇಲಾಖೆಯ ಟಿಪ್ಪಣಿಗಳಲ್ಲಿ, ವಿನ್ಯಾಸ ಕಾರ್ಯಾಗಾರಗಳಲ್ಲಿ, ‘ಅಳಿವಿನಂಚಿನ ಕಸುಬು’ ಎಂಬ ತಲೆಬರಹದ ಭಾನುವಾರದ ಪುರವಣಿಗಳಲ್ಲಿ, ಕೊನೆಗೆ ಹೊಸದುರ್ಗದ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲೂ ಕೇಳುವುದು ಇದನ್ನೇ. ಈ ವಾದದ ಮೊದಲರ್ಧ ಸುಳ್ಳು. ಎರಡನೆಯ ಅರ್ಧ ಒಳ್ಳೆಯ ಮನಸ್ಸಿನಿಂದ ಹುಟ್ಟಿದ್ದು, ಆದ್ದರಿಂದ ಇನ್ನೂ ಹೆಚ್ಚು ಹಾನಿ ಮಾಡುವಂಥದ್ದು.

ಕಾಲ ಮುಗಿಯಿತು ಎನ್ನುವವರು ಹಿರಿಯೂರು ಕಡೆಯ ಎರೆ ಹೊಲಗಳಲ್ಲಿ ಕೊಯ್ಲಾದ ಮೇಲೆ ಮಂದೆ ನಿಲ್ಲಿಸುವ ಕುರಿಗಾಹಿಯನ್ನು ಒಂದು ರಾತ್ರಿ ನೋಡಬೇಕು. ಹೊಲದ ಯಜಮಾನರಿಗೆ ಗೊಬ್ಬರ, ಕುರಿಯವರಿಗೆ ಕಾಳು ಇಲ್ಲವೇ ಕಾಸು ಎಂಬ ಹಳೆಯ ಒಪ್ಪಂದದ ಮೇಲೆ ಮಂದೆ ಅಲ್ಲಿ ಬೀಡುಬಿಟ್ಟಿರುತ್ತದೆ. ಸುತ್ತ ಗಿಡವಿಲ್ಲ, ಮನೆಯಿಲ್ಲ. ಮಳೆ ಹನಿದರೆ ಕಂಬಳಿಯ ಒಂದು ತುದಿಯನ್ನು ನೆರಿಗೆ ಹಿಡಿದು ಕಟ್ಟಿ ತಲೆಗೆ ಸಿಕ್ಕಿಸಿಕೊಳ್ಳುತ್ತಾರೆ; ಅದು ಕೊಪ್ಪೆ. ನೀರು ಬೆನ್ನ ಮೇಲೆ ಜಾರಿ ಮೊಣಕಾಲ ಹಿಂದೆ ಉದುರುತ್ತದೆ. ಮಳೆ ನಿಂತ ಮೇಲೆ ಅದನ್ನೇ ಕೊಡವಿ ನೆಲಕ್ಕೆ ಹಾಸಿ, ಉಳಿದರ್ಧ ಮೈಮೇಲೆಳೆದುಕೊಂಡು ಮಲಗುತ್ತಾರೆ. ದಾರಿಯಲ್ಲಿ ಈದ ಕುರಿಯ ಮರಿಯನ್ನು ಹೊತ್ತು ನಡೆಯಲು ಅದೇ ಜೋಳಿಗೆ, ಮಟಮಟ ಮಧ್ಯಾಹ್ನ ನಾಲ್ಕು ಕೋಲಿನ ಮೇಲೆ ಕಟ್ಟಿದರೆ ಅದೇ ನೆರಳು. ಒಲೆಯ ಕಿಡಿ ಹಾರಿ ಬಿದ್ದರೆ ಬಿದ್ದ ಜಾಗ ಸುಟ್ಟು ಕಪ್ಪಾಗಿ ಅಲ್ಲಿಗೇ ನಿಲ್ಲುತ್ತದೆ.

ಇದರಲ್ಲಿ ಪವಾಡವೇನಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಹೀರುವಾಗ ಚೂರು ಶಾಖವನ್ನೂ ಬಿಡುತ್ತದೆ. ಬೆಂಕಿ ಹತ್ತಬೇಕಾದರೆ 570 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಬೇಕು, ಹತ್ತಿದರೂ ಕರಗಿ ಮೈಗಂಟುವುದಿಲ್ಲ. ಕಂಬಳಿಯ ಜಾಗಕ್ಕೆ ಬಂದು ಕೂತಿರುವ ಪಾಲಿಯೆಸ್ಟರ್ ರಗ್ಗು 260 ಡಿಗ್ರಿಯ ಹೊತ್ತಿಗೆಲ್ಲ ಕರಗಿ ಚರ್ಮಕ್ಕೆ ಅಂಟುತ್ತದೆ. ಅಡುಗೆ ಬೆಂಕಿಯ ಪಕ್ಕದಲ್ಲೇ ಮಲಗುವ ಜನಕ್ಕೆ ಇವೆರಡರಲ್ಲಿ ಯಾವುದು ಹಳೆಯ ಕಾಲದ್ದು, ಯಾವುದು ಮುಂದುವರಿದದ್ದು ಎಂದು ತೀರ್ಮಾನ ಕೊಡಲು ಟೀ ಅಂಗಡಿಯ ಪಂಡಿತರಿಗೆ ಹಕ್ಕೇನಿದೆಯೋ!

ಕುರಿಗಾಹಿಗಳ ಮಾತು ಬಿಟ್ಟು ಊರೊಳಗೆ ಬಂದರೂ ಲೆಕ್ಕ ಬೇರೆಯಾಗುವುದಿಲ್ಲ. ಹೊಸದುರ್ಗದ ಕಡೆ ರಾಗಿ ಕಣ ಕಾಯಲು ಹೋಗುವವರ, ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಿ ರಾತ್ರಿ ನೀರು ಕಟ್ಟಲು ಹೋಗುವವರ ಹೆಗಲ ಮೇಲೆ ಇದ್ದದ್ದು ಕಂಬಳಿ. ಬಾಣಂತಿಯ ಕೋಣೆಯಲ್ಲಿ ಕಂಬಳಿ, ಪಂಚಾಯಿತಿ ಕೂರಿಸುವಾಗ ಹಿರೀಕರ ಕೆಳಗೆ ಕಂಬಳಿ. ಕುರುಬರ, ಕಾಡುಗೊಲ್ಲರ ದೇವರ ಕಾರ್ಯಗಳಲ್ಲಿ ಗದ್ದುಗೆ ಹಾಕುವುದು ಕರಿಕಂಬಳಿಯ ಮೇಲೆ. ಮೈಲಾರಲಿಂಗನ ಗೊರವಯ್ಯರ ಮೈಮೇಲೂ ಅದೇ. ನವಲಗುಂದದ ಹೆಂಗಸರು ನೇಯುವ ಹತ್ತಿಯ ಜಮಖಾನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು; ಸಿಗಬೇಕಾದದ್ದೇ, ಅದರ ನವಿಲು, ಪಗಡೆ ಹಾಸುಗಳ ಚಂದವೇ ಬೇರೆ. ಆದರೆ ಜಮಖಾನೆ ಬಂದವರು ಕೂರಲೆಂದು ಹಾಸುವ ವಸ್ತು. ಕಂಬಳಿ ಹಾಗೆ ಒಂದೇ ಕೆಲಸಕ್ಕೆ ಹುಟ್ಟಿದ್ದಲ್ಲವಾದ್ದರಿಂದಲೇ ಅದನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂದು ಇಲಾಖೆಗಳಿಗೆ ಇಂದಿಗೂ ತಿಳಿದಂತಿಲ್ಲ: ಕುರಿ ಒಂದು ಇಲಾಖೆಗೆ, ಮಗ್ಗ ಇನ್ನೊಂದಕ್ಕೆ, ಗೋಮಾಳ ಮತ್ತೊಂದಕ್ಕೆ.

ಇನ್ನು ಚುಚ್ಚುವ ವಿಚಾರ. ಚುಚ್ಚುತ್ತದೆ, ನಿಜ. ಉಣ್ಣೆಯ ಎಳೆ 30 ಮೈಕ್ರಾನ್ ದಾಟಿದರೆ ಬರಿಮೈಗೆ ಮುಳ್ಳಾಡಿಸಿದಂತಾಗುತ್ತದೆ. ನಮ್ಮ ದಖನಿ ಕುರಿಯ ಉಣ್ಣೆಯಲ್ಲಿ ಅಂಥ ಒರಟು ಎಳೆಗಳು ಧಾರಾಳ. ಆದರೆ ಕಂಬಳಿಯನ್ನು ಬರಿಮೈಗೆ ಒಳಅಂಗಿಯಂತೆ ತೊಟ್ಟವರು ಯಾರು? ಅದು ಅಂಗಿಯ ಮೇಲೆ ಹೊದೆಯುವಂಥದ್ದು, ಪಂಚೆಯ ಕೆಳಗೆ ಹಾಸುವಂಥದ್ದು. ಆ ಒರಟುತನದಿಂದಲೇ ಅದು ಕಲ್ಲು ಮುಳ್ಳಿನ ಮೇಲೆ ಎಳೆದಾಡಿದರೂ ವರ್ಷಗಟ್ಟಲೆ ಬಾಳುತ್ತದೆ. ಕಂಬಳಿಯಲ್ಲಿ ಬುತ್ತಿ ಕಟ್ಟಿಕೊಂಡು ಕೂದಲು ಬಂತು ಎಂದು ದೂರಬಾರದೆಂದು ನಮ್ಮ ಹಳ್ಳಿಯವರು ಮೊದಲೇ ಗಾದೆ ಕಟ್ಟಿ ಇಟ್ಟಿದ್ದಾರೆ.

ಇದೇ ದೂರನ್ನು ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಹ್ಯಾರಿಸ್ ಟ್ವೀಡ್ ಬಟ್ಟೆಯ ಮೇಲೂ ಹೊರಿಸಬಹುದಿತ್ತು. ಅದೂ ಒರಟು, ಅದೂ ಭಾರ, ಅದೂ ದ್ವೀಪದ ಬಡ ಮನೆಗಳಲ್ಲಿ ಮಳೆ ಗಾಳಿಗೆಂದು ಹುಟ್ಟಿದ ಉಣ್ಣೆಯ ಬಟ್ಟೆ. ಬ್ರಿಟನ್ನಿನ ಸಂಸತ್ತು 1993ರಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಮಾಡಿತು: ಆ ದ್ವೀಪಗಳಲ್ಲೇ ಬಣ್ಣ ಕಟ್ಟಿ ನೂತ ಶುದ್ಧ ಉಣ್ಣೆಯಿಂದ, ಅಲ್ಲಿನವರು ತಮ್ಮ ಮನೆಗಳಲ್ಲೇ ಕೈಯಿಂದ ನೇಯ್ದಿರಬೇಕು, ಇಲ್ಲದಿದ್ದರೆ ಆ ಹೆಸರಿನಲ್ಲಿ ಮಾರುವಂತಿಲ್ಲ. ಮೆತ್ತಗಿಲ್ಲ, ಆದ್ದರಿಂದ ಬಿಟ್ಟುಬಿಡಿ ಎಂದು ಅಲ್ಲಿನ ನೇಕಾರರಿಗೆ ಯಾರೂ ಬುದ್ಧಿ ಹೇಳಲಿಲ್ಲ. ಅದೇ ಬಟ್ಟೆಯ ಕೋಟು ಹಾಕಿಕೊಂಡು ಕಂಬಳಿ ಚುಚ್ಚುತ್ತದೆ ಎನ್ನುವವರು ನಮ್ಮಲ್ಲಿ ಸಿಕ್ಕರೂ ಆಶ್ಚರ್ಯವಿಲ್ಲ.

ಮೆತ್ತಗೆ ಮಾಡುವ ಪ್ರಯತ್ನ ನಮ್ಮಲ್ಲಿ ಹೊಸದೂ ಅಲ್ಲ. ದಖನಿ ಕುರಿಗೆ ಮೆರಿನೊ, ರ‍್ಯಾಂಬುಲೆ ಟಗರುಗಳ ರಕ್ತ ಬೆರೆಸಿ ನಯವಾದ ಉಣ್ಣೆ ತೆಗೆಯುವ ಪ್ರಯೋಗಗಳು ಮಹಾರಾಷ್ಟ್ರದ ರಾಹುರಿಯಂಥ ಕಡೆ ವರ್ಷಗಟ್ಟಲೆ ನಡೆದವು. ಕೊಟ್ಟಿಗೆಯಲ್ಲಿ ಮೇವು ಹಾಕಿ ಸಾಕುವ ತನಕ ಎಲ್ಲ ಚಂದ. ದಿನಕ್ಕೆ ಹತ್ತಾರು ಮೈಲಿ ನಡೆದು, ಕೂಳೆ ತಿಂದು, ಬಯಲಲ್ಲೇ ಮಳೆ ಬಿಸಿಲು ಕಾಣುವ ಮಂದೆಗೆ ಆ ತಳಿ ಒಗ್ಗಲಿಲ್ಲ. ದಖನಿ ಕುರಿಯ ಗಟ್ಟಿ ಗೊರಸು, ಒರಟು ಕರಿಯುಣ್ಣೆ ಎರಡೂ ಈ ಒಣ ನೆಲದಲ್ಲಿ ಬದುಕುವುದಕ್ಕೆ ಅದು ಮಾಡಿಕೊಂಡ ಏರ್ಪಾಡು. ಒಂದನ್ನು ತಿದ್ದಿ ಇನ್ನೊಂದನ್ನು ಉಳಿಸಿಕೊಳ್ಳುತ್ತೇವೆಂದರೆ ಆಗದು.

ಈಗ ‘ಮಾರುಕಟ್ಟೆಯ ತೀರ್ಪು’ ಎಂಬ ಮಾತಿಗೆ ಬರಬೇಕು. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಅದೇ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಮ್ಮದೇ ಮುಂದಿನ ಸ್ಥಾನ. ಚಿತ್ರದುರ್ಗ ರಾಜ್ಯದಲ್ಲಿ ಹೆಚ್ಚು ಕುರಿಗಳಿರುವ ಜಿಲ್ಲೆಗಳಲ್ಲೊಂದು. ಇಷ್ಟು ಕುರಿಗಳ ನಡುವೆ ನೇಕಾರರಿಗೆ ಒಳ್ಳೆಯ ಕರಿಯುಣ್ಣೆ ಸಿಗುವುದಿಲ್ಲ ಎಂದರೆ ನಂಬುವುದು ಕಷ್ಟ, ಆದರೂ ಮಗ್ಗದವರ ಮೊದಲ ದೂರು ಅದೇ. ಕಾರಣ ಸರಳ. ಕುರಿ ಸಾಕುವವರಿಗೆ ಈಗ ದುಡ್ಡು ಬರುವುದು ಮಾಂಸದಿಂದ. ದಖನಿ ಕುರಿಯೊಂದು ವರ್ಷವಿಡೀ ಕೊಡುವ ಉಣ್ಣೆ ಒಂದು ಕಿಲೋ ಕೂಡ ತೂಗದು. ಅದನ್ನು ಮಾರಿದರೆ ಬರುವ ಕಾಸು ಅನೇಕ ಸಲ ಕತ್ತರಿಸಿದ ಕೂಲಿಗೇ ಸಾಲದು. ಹೀಗಾಗಿ ಉಣ್ಣೆಯಿಲ್ಲದ, ಬೇಗ ಮೈತುಂಬುವ ಯಳಗ, ಕೆಂಗುರಿಯಂಥ ತಳಿಗಳು ಮಂದೆಗೆ ಬಂದವು. ಸಾಲ, ವಿಮೆ, ಸಬ್ಸಿಡಿಗಳ ಲೆಕ್ಕಾಚಾರವೂ ಮಾಂಸದ ತೂಕದ ಮೇಲೆಯೇ ನಿಂತಿತು. ದೇಶದ ಒಟ್ಟು ಉಣ್ಣೆ ಉತ್ಪಾದನೆಯೂ 2018–19ರಲ್ಲಿ ಸುಮಾರು 4 ಕೋಟಿ ಕಿಲೋ ಇದ್ದದ್ದು 2022–23ರ ಹೊತ್ತಿಗೆ 3.36 ಕೋಟಿಗೆ ಇಳಿದಿದೆ. ಕಂಬಳಿ ಬೇಡವಾಗಿ ಉಣ್ಣೆ ಬಿದ್ದುಹೋಯಿತೋ, ಉಣ್ಣೆಗೆ ಯಾರೂ ಬೆಲೆ ಕಟ್ಟದೆ ಕಂಬಳಿ ತುಟ್ಟಿಯಾಯಿತೋ ಎಂದು ಕೇಳದೆ ತೀರ್ಪು ಬರೆದುಬಿಟ್ಟಿದ್ದೇವೆ.

ನೆಲದ ಕಥೆ ಇನ್ನೂ ದೊಡ್ಡದು. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳು ಈ ಇಡೀ ಸೀಮೆಯ ದನಕುರಿಗಳಿಗೆ ಶತಮಾನಗಳ ಮೇವಿನ ಬಯಲು. ಚಳ್ಳಕೆರೆಯ ಕಂಬಳಿ ಹೆಸರು ಮಾಡಿದ್ದಕ್ಕೂ ಈ ಬಯಲಿಗೂ ನೇರ ನಂಟಿದೆ. 2007ರಿಂದ 2010ರ ನಡುವೆ ದೊಡ್ಡ ಉಳ್ಳಾರ್ತಿ, ಖುದಾಪುರ, ವರವು ಸುತ್ತಿನ ಒಂಬತ್ತು ಸಾವಿರಕ್ಕೂ ಹೆಚ್ಚು ಎಕರೆ ಕಾವಲು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ ಮತ್ತು ಒಂದು ಖಾಸಗಿ ಸೌರ ಕಂಪನಿಗೆ ಹೋಯಿತು. ಬೇಲಿ ಎದ್ದಿತು, ಗೋಡೆ ಎದ್ದಿತು. ಹಳ್ಳಿಗರ ತಕರಾರು ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶದ ವಿಜ್ಞಾನಕ್ಕೆ ಜಾಗ ಬೇಡವೆಂದು ಯಾರೂ ಹೇಳುತ್ತಿಲ್ಲ. ಮೇವಿನ ಬಯಲಿಗೆ ಬೇಲಿ ಹಾಕಿದ ಮೇಲೆ ಕಂಬಳಿಯನ್ನು ಜನರೇ ಕೈಬಿಟ್ಟರು ಎಂದು ವರದಿ ಬರೆಯಬಾರದು, ಅಷ್ಟೇ.

ಕಾನೂನಿನದ್ದೂ ಒಂದು ತಮಾಷೆಯಿದೆ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಡುವ ಕೇಂದ್ರದ ಕಾಯ್ದೆ 1985ರಿಂದ ಇದೆ. 1993ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಈಗ ಆ ಪಟ್ಟಿಯಲ್ಲಿ ಉಳಿದಿರುವ 11 ವಸ್ತುಗಳಲ್ಲಿ ಸೀರೆ, ಧೋತಿಗಳ ಜೊತೆ ಜಮಖಾನೆಯೂ ಇದೆ, ಕಂಬಳಿಯೂ ಇದೆ. ಎಂದರೆ ಪವರ್‌ಲೂಮಿನಲ್ಲಿ ಉಣ್ಣೆಯ ಕಂಬಳಿ ನೇಯುವುದು ಅಪರಾಧ. ಆದರೆ ಪಾಣಿಪತ್ತಿನಲ್ಲಿ ವಿದೇಶಗಳ ಹಳೆಯ ಸ್ವೆಟರುಗಳನ್ನು ಹರಿದು ಹಿಂಜಿ ನೂತ ರಗ್ಗು, ಪೆಟ್ರೋಲಿಯಮ್ಮಿನಿಂದ ಬಂದ ಪಾಲಿಯೆಸ್ಟರ್ ರಗ್ಗು ಕಂಬಳಿಯ ಗಿರಾಕಿಯನ್ನು ಕಿತ್ತುಕೊಂಡರೆ ಅದಕ್ಕೆ ಅಡ್ಡಿಯಿಲ್ಲ. ಕಂಬಳಿಗೆ ಮುಂಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿ ಹಿತ್ತಲ ಗೋಡೆಯನ್ನೇ ಕೆಡವಿದ ಕಾನೂನು ಇದು.

ತುಟ್ಟಿ ಎಂಬ ಆರೋಪವನ್ನು ಅಳೆಯಬೇಕಾದರೆ ಕಂಬಳಿ ಆಗುವ ಬಗೆ ಗೊತ್ತಿರಬೇಕು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಮುಳ್ಳು, ಹಿಕ್ಕೆ ಆರಿಸಿ, ಹಿಂಜಿ, ರಾಟೆಯಲ್ಲಿ ನೂಲುವುದು ಹೆಂಗಸರ ಕೆಲಸ. ಅದು ಅಡುಗೆ, ನೀರು, ಮಕ್ಕಳ ನಡುವೆ ಬಿಡುವಾದಾಗ ಮಾಡುವ ದುಡಿಮೆಯಾದ್ದರಿಂದ ಕಂಬಳಿಯ ಬೆಲೆಯಲ್ಲಿ ಅದಕ್ಕೊಂದು ಸಾಲೇ ಇರುವುದಿಲ್ಲ. ಆಮೇಲೆ ಗಂಜಿ. ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು ಕುದಿಸಿದರೆ ಅಂಟು ಗಂಜಿಯಾಗುತ್ತದೆ. ಬೀದಿಯುದ್ದಕ್ಕೆ ಹಾಸು ಎಳೆದು ಕಟ್ಟಿ, ಇಬ್ಬರು ಆಚೀಚೆ ನಿಂತು ದೊಡ್ಡ ಕುಂಚದಿಂದ ಅದನ್ನು ಎಳೆ ಎಳೆಗೂ ತಾಗುವಂತೆ ಬಳಿಯಬೇಕು. ಬಿಸಿಲಿಗೆ ಒಣಗುವ ಮೊದಲೇ ಅಂಟಿಕೊಂಡ ಎಳೆಗಳನ್ನು ಬೆರಳಲ್ಲಿ ಬಿಡಿಸಬೇಕು. ಗಂಜಿ ಕಡಿಮೆಯಾದರೆ ಮಗ್ಗದ ಮೇಲೆ ನೂಲು ತುಂಡಾಗುತ್ತದೆ, ಹೆಚ್ಚಾದರೆ ಸೆಟೆದು ಮುರಿಯುತ್ತದೆ. ಮೋಡ ಕವಿದರೆ ಅಂದಿನ ಕೆಲಸ ಹಾಳು. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುವುದಕ್ಕೆ ಅರ್ಧ ಕಾರಣ ಈ ಗಂಜಿಯೇ. ಎರಡು ಮಳೆ ಕಂಡ ಮೇಲೆ ಅದು ಮೈಗೆ ಒಗ್ಗುತ್ತದೆ. ಅಂಗಡಿಯಲ್ಲಿ ಹೊಸ ಕಂಬಳಿ ಮುಟ್ಟಿ ನೋಡಿ ‘ಚುಚ್ಚುತ್ತೆ’ ಎಂದು ಕೈ ಹಿಂದೆಗೆಯುವವರಿಗೆ ಇದನ್ನು ಹೇಳುವವರಿಲ್ಲ. ಕೊನೆಗೆ ಗುಂಡಿ ಮಗ್ಗ: ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಕೈಯಿಂದ ಲಾಳಿ ಎಸೆಯುತ್ತ ಹೊಕ್ಕು ತುಂಬುವುದು. ಇಷ್ಟೆಲ್ಲ ದುಡಿಮೆಯ ವಸ್ತುವನ್ನು ಕಾರ್ಖಾನೆಯ ರಗ್ಗಿನ ಪಕ್ಕದಲ್ಲಿಟ್ಟು ಬೆಲೆ ಹೋಲಿಸುವುದೇ ಮೋಸ. ಹೋಲಿಸಲೇಬೇಕಾದರೆ ಒಂದು ಕಂಬಳಿ ಸವೆಯುವಷ್ಟರಲ್ಲಿ ಎಷ್ಟು ರಗ್ಗು ನವೆದು ತಿಪ್ಪೆ ಸೇರಿದವು ಎಂದು ಎಣಿಸಬೇಕು.

ಉದ್ಧಾರಕರ ಪರಿಹಾರಗಳು ಇಲ್ಲಿಂದ ಶುರುವಾಗುತ್ತವೆ. ಲ್ಯಾಪ್‌ಟಾಪ್ ಚೀಲ, ಗೋಡೆಯ ಪಟ, ಮೊಬೈಲ್ ಕವರು, ಡ್ರಾಯಿಂಗ್ ರೂಮಿನ ನೆಲಹಾಸು. ಇವುಗಳಿಂದ ಕೆಲವು ಮನೆಗಳಿಗೆ ಅನ್ನ ಸಿಕ್ಕಿದ್ದರೆ ಸಂತೋಷ. ಆದರೆ ಚೀಲಕ್ಕೆ ಬೇಕಾಗುವುದು ಗೇಣುದ್ದದ ತುಂಡು. ಸಾವಿರಾರು ಕುರಿಗಳ ಉಣ್ಣೆಯನ್ನು ವರ್ಷ ವರ್ಷವೂ ಹೊತ್ತುಕೊಳ್ಳುವ ಶಕ್ತಿ ಅಲಂಕಾರದ ಪೇಟೆಗಿಲ್ಲ. ಅದು ಹಂಗಾಮಿಗೊಂದು ಬಣ್ಣ ಬಯಸುವ ಪೇಟೆ. ಒಂದು ಸೀಸನ್ ಬೂದು ಬೇಕು, ಮುಂದಿನ ಸೀಸನ್ ಬೂದು ಬೇಡ. ನೇಕಾರರು ತಮಗೆ ಗೊತ್ತಿರುವ ಅಳತೆ, ಗೊತ್ತಿರುವ ಗಿರಾಕಿಗಳನ್ನು ಬಿಟ್ಟು, ಕಂಡರಿಯದ ಊರಿನ ಅಭಿರುಚಿಯ ಹಿಂದೆ ಓಡಬೇಕು. ವಾರದ ಸಂತೆಯಲ್ಲಿ ಕಂಬಳಿಯನ್ನು ಬೆಳಕಿಗೆ ಹಿಡಿದು, ಅಂಚು ಎಳೆದು, ಮೊಳ ಹಾಕಿ ನೋಡುವ ಗಿರಾಕಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುತ್ತದೆ, ಆ ಜಗಳಗಂಟ ಕಣ್ಣೇ ಇಷ್ಟು ಕಾಲ ನೇಯ್ಗೆಯ ಗುಣಮಟ್ಟ ಕಾಯ್ದದ್ದು. ಗೋಡೆಗೆ ನೇತುಹಾಕುವವರಿಗೆ ಗಂಜಿ ಸರಿಯಾಯಿತೋ ಇಲ್ಲವೋ ಯಾತಕ್ಕೆ?

ಇದಕ್ಕೆಲ್ಲ ಎದುರಾಗಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಂಬಳಿ ಜಾತಿಗೆ ಅಂಟಿದ ಕಸುಬು. ಕುರುಬರ ಮಕ್ಕಳು ಓದಿ ಮುಂದೆ ಬರುತ್ತಿರುವಾಗ ಅವರನ್ನು ಮತ್ತೆ ಗುಂಡಿಗೆ ಇಳಿಸಬೇಕೆ? ಕಾಗಿನೆಲೆಯಿಂದ ಬೆಂಗಳೂರಿಗೆ 2021ರಲ್ಲಿ ಹೊರಟ ಎಸ್‌ಟಿ ಮೀಸಲಾತಿಯ ಪಾದಯಾತ್ರೆಯಲ್ಲಿ ಕಂಬಳಿ ಹೊದ್ದು ನಡೆದವರು ಕೇಳಿದ್ದು ಶಾಲೆ, ಕೆಲಸಗಳಲ್ಲಿ ಪಾಲನ್ನೇ ಹೊರತು ಮಗ್ಗವನ್ನಲ್ಲ ಎಂದು ಈ ಆಕ್ಷೇಪ ಎತ್ತುವವರು ನೆನಪಿಸಿಯಾರು. ಸರಿಯಾದ ಮಾತೇ. ಯಾವ ಮಗುವನ್ನೂ ಹುಟ್ಟಿದ ಕೇರಿಯ ಕಾರಣಕ್ಕೆ ಮಗ್ಗಕ್ಕೆ ಕಟ್ಟಬಾರದು. ಆದರೆ ಈ ಆಕ್ಷೇಪವನ್ನು ಹೂಡುವವರಲ್ಲಿ ಬಹಳ ಜನ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಬಗ್ಗೆ ಅದೇ ಮಾತು ಆಡುವುದಿಲ್ಲ. ಅದು ಇದೇ ಜಿಲ್ಲೆಯ ಪರಂಪರೆ, ಹೆಮ್ಮೆ. ರೇಷ್ಮೆ ಮಗ್ಗ ಕಲೆಯಾಗಿ ಕಂಬಳಿ ಮಗ್ಗ ಹಿಂದುಳಿದಿರುವಿಕೆಯಾಗುವುದು ನೂಲಿನ ವ್ಯತ್ಯಾಸದಿಂದಲ್ಲ, ಉಡುವವರ ಹೊದೆಯುವವರ ವ್ಯತ್ಯಾಸದಿಂದ. ಯುವಕರು ಮಗ್ಗ ಬಿಡುತ್ತಿರುವುದು ಅವಮಾನಕ್ಕೆ ಹೆದರಿ ಎಂಬುದಕ್ಕಿಂತ ಕೂಲಿ ಗಿಟ್ಟದೆ ಎಂಬುದೇ ಹೆಚ್ಚು ನಿಜ. ಗಿಟ್ಟುವ ಕೂಲಿಯಿದ್ದರೆ ಯಾವ ಜಾತಿಯವರು ಬೇಕಾದರೂ ಬಂದು ಕಲಿತಾರು.

ಹಾಗಾದರೆ ಗಿರಾಕಿ ಯಾರು? ಉತ್ತರ ಜಿಲ್ಲಾಧಿಕಾರಿ ಕಚೇರಿಯ ಸುತ್ತಮುತ್ತಲೇ ಇದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವಿದ್ಯಾರ್ಥಿ ನಿಲಯಗಳು, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಅರಣ್ಯ ಕಾವಲುಗಾರರು, ರಾತ್ರಿ ಪಾಳಿಯ ಹೋಮ್‌ಗಾರ್ಡುಗಳು, ಜೈಲು, ಆಸ್ಪತ್ರೆ. ಇವರಿಗೆಲ್ಲ ಹೊದಿಕೆ ಈಗಲೂ ಖರೀದಿಯಾಗುತ್ತಿದೆ, ಸರ್ಕಾರದ ದುಡ್ಡಿನಲ್ಲೇ. ಮಕ್ಕಳಿಗೆ ಚುಚ್ಚುತ್ತದೆ ಎಂಬ ಚಿಂತೆಯಿದ್ದರೆ ಒಂದು ಹತ್ತಿಯ ದುಪ್ಪಟಿಯನ್ನು ಒಳಗೆ ಕೊಟ್ಟರಾಯಿತು; ನಮ್ಮ ಮನೆಗಳಲ್ಲಿ ಅಜ್ಜಿಯರು ಮಾಡುತ್ತಿದ್ದದ್ದೂ ಅದನ್ನೇ.

ತೊಡಕಿರುವುದು ಖರೀದಿಯ ಪದ್ಧತಿಯಲ್ಲಿ. ಟೆಂಡರಿನಲ್ಲಿ ‘ಬ್ಲಾಂಕೆಟ್, ಉತ್ತಮ ಗುಣಮಟ್ಟ’ ಎಂದಷ್ಟೇ ಬರೆದು ಕನಿಷ್ಠ ದರದವರಿಗೆ ಕೊಟ್ಟರೆ ಗೆಲ್ಲುವುದು ಪಾಣಿಪತ್ತಿನ ಲಾರಿ. ಸ್ಥಳೀಯ ಕರಿಯುಣ್ಣೆ ಇಷ್ಟು ಪಾಲು, ಕೈನೂಲು, ತೂಕ ಇಷ್ಟು, ಅಳತೆ ಇಷ್ಟು ಎಂದು ನಮೂದಿಸಬೇಕು. ಬೇಡಿಕೆಯನ್ನು ಉಣ್ಣೆ ನೇಕಾರರ ಸಹಕಾರ ಸಂಘಗಳಿಗೆ ಕುರಿ ಕತ್ತರಿಸುವ ಹಂಗಾಮಿಗೆ ಮೊದಲೇ ತಿಳಿಸಿ, ಉಣ್ಣೆ ಕೊಳ್ಳಲು ಮುಂಗಡ ಕೊಡಬೇಕು. ಬಿಲ್ಲಿಗಾಗಿ ಆರು ತಿಂಗಳು ಕಾಯುವ ತಾಕತ್ತು ಗುತ್ತಿಗೆದಾರರಿಗಿದೆ, ರಾಟೆಯ ಮುಂದೆ ಕೂತ ಹೆಣ್ಣುಮಗಳಿಗಿಲ್ಲ. ಈಗ ನಡೆಯುವುದು ಇದರ ತದ್ವಿರುದ್ಧ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ ಬಂದಾಗ ಅನುದಾನ ವಾಪಸು ಹೋದೀತೆಂದು ತರಾತುರಿ ಹುಟ್ಟುತ್ತದೆ, ಹದಿನೈದು ದಿನದಲ್ಲಿ ಸಾವಿರ ಹೊದಿಕೆ ಬೇಕೆನ್ನುತ್ತಾರೆ. ಹಿಂಜಿ, ನೂತು, ಗಂಜಿ ಹಾಕಿ, ಬಿಸಿಲಿಗೆ ಒಣಗಿಸಿ ನೇಯುವ ವಸ್ತು ಹದಿನೈದು ದಿನದಲ್ಲಿ ಸಾವಿರ ಬರುವುದಿಲ್ಲ. ಆಗ ಕಡತದಲ್ಲಿ ಒಂದು ಷರಾ ಬೀಳುತ್ತದೆ: ಸ್ಥಳೀಯವಾಗಿ ಲಭ್ಯವಿಲ್ಲ.